ತೊಳೆದ ಕಲ್ಲುಗಳು

ಮೀನಿನ ತೊಟ್ಟಿಯ ಕಲ್ಲುಗಳನ್ನೆಲ್ಲ ಬಕೆಟ್ಟಿಗೆ ಸುರಿದು, ಕ್ಷೌರಿಕ ತನ್ನ ಅಂಗಡಿಯಿಂದ ತಂದಿದ್ದ ಔಷಧದ ಬಾಟಲಿಯ ಮುಚ್ಚಳ ತಿರುಗಿಸಿದ. ಕತ್ತರಿ, ಬಾಚಣಿಗೆಗಳನ್ನು ಅದ್ದಿಡುವ ಔಷಧ. ಅದು ತಾಗದ ವಸ್ತು ಅವನ ಪಾಲಿಗೆ ಶುದ್ಧವೇ ಅಲ್ಲ. ಒಂದು ಮುಚ್ಚಳ ಸಾಕಿತ್ತು, ಧಾರಾಳವಾಗಿಯೇ ಸುರಿದ.

ಮೀನುಗಳು ಪಕ್ಕದ ಪಾತ್ರೆಯಲ್ಲಿ ಸುತ್ತುತ್ತಿದ್ದವು. ತೊಟ್ಟಿ ಹೆಂಡತಿಯ ಮಗಳದು. ಅದಕ್ಕೂ ಮೊದಲು, ತೀರಿಕೊಂಡ ಅವಳಪ್ಪನದು. ಅಪ್ಪ ಕಲಿಸಿದಂತೆ ಅವಳು ವಾರಕ್ಕೊಮ್ಮೆ ಕೊಳವೆ ಹಿಡಿದು ಸ್ವಲ್ಪವೇ ನೀರು ಬದಲಿಸುತ್ತಿದ್ದಳು, ಮಿಕ್ಕದ್ದನ್ನು ಮುಟ್ಟುತ್ತಿರಲಿಲ್ಲ. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಆ ಪಾಚಿ, ಆ ಹಸಿ ವಾಸನೆ ಇವನನ್ನು ಕಾಡುತ್ತಿತ್ತು. ಹುಡುಗಿ ಶಾಲೆಯಿಂದ ಬರುವಷ್ಟರಲ್ಲಿ ಎಲ್ಲವನ್ನೂ ಫಳಫಳ ಹೊಳೆಸಿಟ್ಟರೆ ಒಂದು ಮಾತಾದರೂ ಆಡಿಯಾಳು ಎಂದುಕೊಂಡಿದ್ದ. ಚಿಕ್ಕಪ್ಪ ಅನ್ನು ಎಂದು ಅವಳಮ್ಮ ಹೇಳಿ ಹೇಳಿ ಸೋತಿದ್ದಳು. ಹುಡುಗಿ ಅವನನ್ನು ಏನೆಂದೂ ಕರೆಯುತ್ತಿರಲಿಲ್ಲ.

ಗಾಜಿಗಂಟಿದ ಪಾಚಿಯನ್ನು ಬ್ಲೇಡಿನಿಂದ ಹೆರೆಯುವಾಗ ಮಾತ್ರ, ಅದು ತೀರಿಕೊಂಡ ಆ ಇನ್ನೊಬ್ಬನ ಗಡ್ಡವೇನೋ ಎಂಬಂತೆ, ಕೈಗೆ ಬೇರೆಯೇ ಒಂದು ಹುರುಪು ಬಂದಿತ್ತು.

ತೊಳೆದ ಕಲ್ಲು ಹಾಸಿ, ಹೊಸ ನೀರು ತುಂಬಿ ಮೀನುಗಳನ್ನು ಮತ್ತೆ ತೊಟ್ಟಿಗೆ ಬಿಟ್ಟ. ಸಂಜೆ ಹುಡುಗಿ ಬಂದಾಗ ಅವೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

"ವಯಸ್ಸಾಗಿತ್ತು ಅನ್ಸುತ್ತೆ, ಪುಟ್ಟಿ," ಅಂದ.

ಎಲ್ಲಕ್ಕೂ ಒಂದೇ ದಿನ ವಯಸ್ಸಾಯಿತೇ ಎಂದು ಹೆಂಡತಿಯ ಕಣ್ಣೇ ಕೇಳಿತು. ಹುಡುಗಿ ಕೇಳಲಿಲ್ಲ. ತೊಟ್ಟಿಯಲ್ಲಿ ಬೆರಳದ್ದಿ ಮೂಗಿಗೆ ಹಿಡಿದಳು. ಆಮೇಲೆ ಹತ್ತಿರ ಬಂದು ಅವನ ಅಂಗೈ ಎತ್ತಿ ಮೂಸಿದಳು. ಅವಳು ಅವನನ್ನು ಮುಟ್ಟಿದ್ದು ಅದೇ ಮೊದಲು.

"ನಿಮ್ಮ ಅಂಗಡಿ ವಾಸನೆ," ಎಂದು ಕೈ ಬಿಟ್ಟಳು.

ಮರುದಿನ ಅಂಗಡಿಯಲ್ಲಿ ಎಷ್ಟು ಸೋಪು ಹಚ್ಚಿ ತೊಳೆದರೂ ಕೈಯ ವಾಸನೆ ಹೋಗಲಿಲ್ಲ. ಎದುರಿನ ಕನ್ನಡಿಯಲ್ಲಿ ಗಿರಾಕಿಯ ತಲೆಯ ಮೇಲೆ ತನ್ನದೇ ಮುಖ ಕಾಣುತ್ತಿತ್ತು. ದಿನವಿಡೀ ತಲೆ ತಗ್ಗಿಸಿಯೇ ಕತ್ತರಿಯಾಡಿಸಿದ. ಏನಪ್ಪಾ, ಬಾಯಿ ಮನೇಲೇ ಬಿಟ್ಟು ಬಂದ್ಯಾ ಎಂದು ಗಿರಾಕಿಗಳು ಕೆಣಕಿದರು. ಬೇಗನೆ ಬಾಗಿಲೆಳೆದು ಬಣ್ಣದ ಮೀನು ಮಾರುವವನಲ್ಲಿಗೆ ಹೋದ. ನಡೆದದ್ದನ್ನು ಕೇಳಿ, ಹಳೆಯ ನೀರು, ಕಲ್ಲಿನ ಮೇಲಿನ ಆ ಲೋಳೆ ಇದ್ದರೇ ಮೀನು ಬದುಕುವುದು ಎಂದು ವಿವರಿಸಿದ ಅವನು, "ಮೀನಿಗೆ ಶೇವಿಂಗ್ ಮಾಡೋಕೆ ಹೋಗಿದ್ರಾ?" ಎಂದು ನಕ್ಕ. ಇವನಿಗೆ ನಗು ಬರಲಿಲ್ಲ.

ಮನೆಯಲ್ಲಿ ಹುಡುಗಿ ಬರಿದಾದ ತೊಟ್ಟಿಯ ಪಕ್ಕ ಹೋಮ್‌ವರ್ಕ್ ಮಾಡುತ್ತಿದ್ದಳು. ಅವನು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತ.

"ವಯಸ್ಸಾಗಿರ್ಲಿಲ್ಲ. ನಾನೇ ಕೊಂದಿದ್ದು. ಗೊತ್ತಿದ್ದೂ ಸುಳ್ಳು ಹೇಳ್ದೆ."

ಅವಳು ಬರೆಯುತ್ತಲೇ ಇದ್ದಳು. ಅವನು ಪ್ಲಾಸ್ಟಿಕ್ ಚೀಲ ಎತ್ತಿ ಹಿಡಿದ. ಒಳಗೆ ಎರಡು ಮೀನು, ಅದೇ ಬಣ್ಣದವು.

"ನೀರು ನೀನೇ ಹಾಕು. ನಾನು ಇನ್ನು ಮುಟ್ಟಲ್ಲ."

ಮೀನೊಂದು ಅವಳ ಕಡೆಗೆ ಬಂದು ಪ್ಲಾಸ್ಟಿಕ್ಕಿಗೆ ಮೂತಿಯೊತ್ತಿತು. ಅವಳ ಕೈ ತಾನಾಗಿಯೇ ಮೇಲೆದ್ದಿತು. ಅದನ್ನು ಬೆನ್ನ ಹಿಂದೆ ಸರಿಸಿಕೊಂಡಳು.

"ನಂಗೆ ಬೇಡ."