ಮುಳುಗದ ಹಡಗು

ಅರವತ್ತೈದು ವರ್ಷದ ಮೇಲೆ ಕಂಡ ತಂಗಿಯ ಕೈಯನ್ನು ನಾರ್ಮನ್ ಎರಡು ಸಲ ಕುಲುಕಿ ಬಿಟ್ಟುಬಿಟ್ಟ. ತಬ್ಬಿಕೊಳ್ಳಲೆಂದು ತೋಳು ಚಾಚಿದ್ದ ಗ್ಲೆಂಡಾ ಪೆಚ್ಚಾಗಿ, ಕೈಚೀಲದ ಪಟ್ಟಿ ಸರಿಮಾಡಿಕೊಳ್ಳುವ ನೆಪ ಹೂಡಿದಳು.

"ಪ್ರಯಾಣ ಸುಖವಾಯ್ತಾ? ಇವತ್ತು ಮಳೆ ಬರೋ ಹಾಗಿಲ್ಲ, ನಿನ್ನ ಪುಣ್ಯ," ಎಂದ ಅವನು.

ಲಿಂಕನ್ ಊರಿನ ದೊಡ್ಡ ಚರ್ಚಿನ ಬಾಗಿಲದು. ಅವನ ಕೊರಳಲ್ಲಿ ಗೈಡಿನ ಬಿಲ್ಲೆ ತೂಗುತ್ತಿತ್ತು. ನಿವೃತ್ತನಾದ ಮೇಲೆ ಬಂದವರಿಗೆಲ್ಲ ಚರ್ಚು ತೋರಿಸುವ ಬಿಟ್ಟಿ ಚಾಕರಿ ಹಿಡಿದಿದ್ದ. ಒಡಹುಟ್ಟಿದವಳನ್ನು ಮನೆ ಬಾಗಿಲಲ್ಲಿ ನೋಡುವುದು ಬಿಟ್ಟು ಇಲ್ಲಿಗೇ ಬರಹೇಳಿದಾಗಲೇ ಅವಳಿಗೆ ತಿಳಿಯಬೇಕಿತ್ತು. ತಿಳಿಯಲಿಲ್ಲ.

ಅವಳಿಗೆ ಆರು, ಅವನಿಗೆ ಒಂಬತ್ತು ಇದ್ದಾಗ ಅಪ್ಪ ಅಮ್ಮ ಅವಳನ್ನು ಕರೆದುಕೊಂಡು, ಅಲ್ಲೇ ನೆಲೆಸಲೆಂದು ಆಸ್ಟ್ರೇಲಿಯಾದ ಹಡಗು ಹತ್ತಿದ್ದರು. ನಾರ್ಮನ್‌ನ ಎದೆಯ ಎಕ್ಸ್‌ರೇಯಲ್ಲಿ ಕ್ಷಯದ ಕಲೆ ಕಂಡಿತೆಂದು ಅವನನ್ನು ಹಡಗಿಗೆ ಬಿಡಲಿಲ್ಲ. ಅಜ್ಜಿಯ ಹತ್ತಿರ ಇರು, ವಾಸಿಯಾದ ಕೂಡಲೇ ಕರೆಸಿಕೊಳ್ಳುತ್ತೇವೆ ಎಂದರು. ಎದೆ ಎರಡೇ ವರ್ಷಕ್ಕೆ ವಾಸಿಯಾಯಿತು. ಅಷ್ಟರಲ್ಲಿ ಅಲ್ಲಿ ಹೊಸ ಮನೆ, ಹೊಸ ಕೂಸು. ಮುಂದಿನ ವರ್ಷ, ಮುಂದಿನ ವರ್ಷ ಎನ್ನುತ್ತಾ ಹುಡುಗ ಗಂಡಸಾಗಿಬಿಟ್ಟ.

ಅಮ್ಮ ಈಗ ಪರ್ತ್ ನಗರದ ವೃದ್ಧಾಶ್ರಮದಲ್ಲಿದ್ದಾಳೆ. ತೊಂಬತ್ತನಾಲ್ಕು. ಮಗಳ ಗುರುತು ಹತ್ತುವುದಿಲ್ಲ, ಆದರೆ ದಿನಾ ಸಂಜೆ "ನಾರ್ಮನ್ ಬಂದನಾ?" ಎಂದು ಬಾಗಿಲು ನೋಡುತ್ತಾಳೆ. ಅವನ ದನಿ ಒಂದು ಸಲ ಅವಳ ಕಿವಿಗೆ ಬಿದ್ದರೆ ಸಾಕು, ಗ್ಲೆಂಡಾ ಬಂದದ್ದು ಅದಕ್ಕೇ.

"ಇಲ್ಲಿ ಮಧ್ಯಾಹ್ನ ಅಂದ್ರೆ ಅಲ್ಲಿ ಅಮ್ಮ ಮಲಗೋ ಹೊತ್ತು. ಅಷ್ಟರೊಳಗೆ ಒಂದು ಫೋನ್ ಮಾಡೋಣ, ನಾರ್ಮನ್," ಎಂದಳು.

"ಒಳ್ಳೇ ಯೋಚನೆ. ನೋಡೋಣ. ಮೊದಲು ಚರ್ಚು ನೋಡಿಬಿಡು."

ಅವಳೊಬ್ಬಳಿಗೇ ತೋರಿಸುತ್ತಾನೆಂದುಕೊಂಡಿದ್ದಳು. ಎಂಟು ಜನ ಪ್ರವಾಸಿಗರ ಗುಂಪು ಕಾದಿತ್ತು. ಅವಳೂ ಬಾಲದಂತೆ ಹಿಂದೆ ಹೊರಟಳು. ಕಂಬ, ಕಮಾನು, ಬಣ್ಣದ ಗಾಜು, ಮೇಲೆ ಕಾಲು ಮಡಚಿ ಕೂತ ಕಲ್ಲಿನ ಪಿಶಾಚಿ, ಎಲ್ಲದರ ಹುಟ್ಟು ಸಾವು ಅವನ ನಾಲಿಗೆಯ ತುದಿಯಲ್ಲಿತ್ತು. ಎಂಟುನೂರು ವರ್ಷದ ಹಿಂದೆ ಸತ್ತ ಬಿಷಪ್ಪನ ಬಗ್ಗೆ ಅಷ್ಟು ಅಕ್ಕರೆಯಿಂದ ಮಾತಾಡುವವನು, ಬದುಕಿರುವ ಅಮ್ಮನ ಬಗ್ಗೆ "ಹೇಗಿದ್ದಾಳೆ" ಎಂದೂ ಕೇಳಿರಲಿಲ್ಲ.

ಚರ್ಚು ಮುಗಿದ ಮೇಲೆ ಕಾಫಿ. ಕಾಫಿ ಆದ ಮೇಲೆ ಕೋಟೆ. "ಇಷ್ಟು ದೂರ ಬಂದು ಕೋಟೆ ನೋಡದೆ ಹೋದ್ರೆ ಹೇಗೆ?" ಕೋಟೆಯ ಗೋಡೆಯ ಮೇಲೆ ಅವಳು ಫೋನು ಕೈಗೆತ್ತಿಕೊಂಡೇ ಬಿಟ್ಟಳು.

"ಇಲ್ಲಿ ಗಾಳಿ ಜಾಸ್ತಿ. ಪಾಪ, ಅವಳಿಗೆ ಕೇಳಿಸೋದಿಲ್ಲ. ಕೆಳಗಿಳಿದ ಮೇಲೆ ನೋಡೋಣ."

ಕೆಳಗಿಳಿಯುವ ಹೊತ್ತಿಗೆ ಗಂಟೆ ಹನ್ನೆರಡು ಹೊಡೆಯಿತು. ನಾರ್ಮನ್ ತಲೆ ಎತ್ತಿ ಪೂರ್ತಿ ಕೇಳಿಸಿಕೊಂಡು, "ಎಂಥ ನಾದ, ಅಲ್ವಾ?" ಎಂದ.

ಮನೆಯಲ್ಲಿ ಅವನ ಹೆಂಡತಿ ಪಾಲೀನ್ ಅಡುಗೆಮನೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದಳು. ಆ ಊರ ಹೆಂಗಸರು ಕಂಡಕಂಡವರನ್ನೆಲ್ಲ ಬಾತುಮರಿ ಎಂದೇ ಕರೆಯುವುದು.

"ಫೋನ್ ಆಗ್ಲಿಲ್ವಾ, ಬಾತುಮರಿ?"

"ನೋಡೋಣ ಅಂತಾನೇ ಇದ್ದ. ಹೊತ್ತು ಮೀರಿಹೋಯ್ತು."

"ಅಯ್ಯೋ ಪೆದ್ದೀ, ಇಲ್ಲೇ ಹುಟ್ಟಿದೋಳಲ್ವಾ ನೀನು? ನಮ್ಮಲ್ಲಿ ಯಾರಾದ್ರೂ ಇಲ್ಲ ಅಂತ ಬಾಯಿಬಿಟ್ಟು ಹೇಳ್ತಾರಾ? ನೋಡೋಣ ಅಂದ್ರೆ ಸತ್ರೂ ಇಲ್ಲ ಅಂತ. ಒಳ್ಳೇ ಯೋಚನೆ ಅಂದ್ರೆ ಆ ಮಾತು ಮತ್ತೆ ಎತ್ತಬೇಡ ಅಂತ."

ಬಿಸಿಲ ದೇಶದಲ್ಲಿ ಬೆಳೆದ ಗ್ಲೆಂಡಾಗೆ ಹೌದು ಎಂದರೆ ಹೌದು, ಇಲ್ಲ ಎಂದರೆ ಇಲ್ಲ. ಬೆಳಗ್ಗೆಯಿಂದ ಅಣ್ಣ ಮೂಗಿಗೆ ತುಪ್ಪ ಸವರುತ್ತಾ ಊರು ಸುತ್ತಿಸಿದ್ದ. ನಯವಾಗಿ ಕೊಂದಿದ್ದ. ಬೈದಿದ್ದರೆ ತಿರುಗಿ ಬೈದು, ಇಬ್ಬರೂ ಅತ್ತು ಮುಗಿಸಬಹುದಿತ್ತು.

ಊಟ ಮುಗಿದು ಟೀ ಇಡುವಾಗ ಪಕ್ಕದ ಮನೆಯ ಮುದುಕ ಹಾರ್ಗ್ರೀವ್ ತನ್ನ ತೋಟದ ಹುರುಳಿಕಾಯಿ ಹಿಡಿದು ಒಳಗೆ ಬಂದ. ಪಾಲೀನ್ ಗಂಡನ ಮುಖ ನೋಡಿದಳು.

"ಇವರು ಆಸ್ಟ್ರೇಲಿಯಾದವರು. ಚರ್ಚು ನೋಡೋಕೆ ಬಂದಿದ್ರು," ಎಂದ ನಾರ್ಮನ್.

ಗ್ಲೆಂಡಾ ಬಾಯಿ ತೆರೆದಳು. ಅಷ್ಟರಲ್ಲಿ ನಾರ್ಮನ್ ಅವಳ ಮುಂದೆ ಕೇಕಿನ ತಟ್ಟೆ ಇಟ್ಟ.

"ಇವನಷ್ಟು ಚೆನ್ನಾಗಿ ತೋರಿಸೋರು ಯಾರೂ ಇಲ್ಲ ಬಿಡಿ," ಎಂದು ಹಾರ್ಗ್ರೀವ್ ಕುರ್ಚಿ ಎಳೆದುಕೊಂಡ. ನಾರ್ಮನ್ ಬಿಸಿನೀರಿಗೆಂದು ಒಳಗೆ ಹೋದದ್ದೇ ತಡ, ಮುದುಕ ದನಿ ತಗ್ಗಿಸಿದ. "ನಿಮ್ಮ ದೇಶದ ಹೆಸರು ಕೇಳಿದ್ರೇ ಇವನಿಗೆ ಸಂಕಟ, ಆದ್ರೂ ನಿಮ್ಮನ್ನ ಮನೆಗೆ ಕರೆದಿದ್ದಾನೆ, ದೊಡ್ಡ ಮನಸ್ಸು. ಅಲ್ಲಿಗೆ ಹೊರಟಾಗಲೇ ಅಲ್ವಾ ಹಡಗು ಮುಳುಗಿದ್ದು! ಅಪ್ಪ, ಅಮ್ಮ, ತಂಗಿ, ಒಟ್ಟಿಗೇ ಹೋಗಿಬಿಟ್ರು. ತಂಗಿಗೆ ಇನ್ನೂ ಆರು ವರ್ಷವಂತೆ. ಕೆಂಪು ಕೂದಲಂತೆ. ಅವಳ ಮಾತು ಬಂದ್ರೆ ಇವತ್ತಿಗೂ ಅಳ್ತಾನೆ, ಪಾಪ."

ಗ್ಲೆಂಡಾಳ ಕೂದಲು ನೆರೆತು ಎಷ್ಟೋ ಕಾಲವಾಗಿತ್ತು. ಕೈಯಲ್ಲಿದ್ದ ಕೇಕಿನ ಚೂರು ಬಾಯಿಗೂ ಹೋಗಲಿಲ್ಲ, ತಟ್ಟೆಗೂ ಇಳಿಯಲಿಲ್ಲ. ತನ್ನ ಸಾವಿಗೆ ತಾನೇ ಏನೆನ್ನಬೇಕು? "ಪಾಪ," ಎಂದಳು ಅವಳೂ. ಪಾಲೀನ್ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು.

ಬಸ್ ನಿಲ್ದಾಣದವರೆಗೆ ನಾರ್ಮನ್ ಬಂದ. ರಸ್ತೆಯ ಹೊರಮಗ್ಗುಲಲ್ಲಿ ತಾನು ನಡೆದು, ಅವಳನ್ನು ಒಳಮಗ್ಗುಲಲ್ಲಿ ನಡೆಸಿದ. ಗ್ಲೆಂಡಾ ತಡೆಯಲಾರದೆ ನಿಂತಳು.

"ನಮ್ಮನ್ನೆಲ್ಲ ಮುಳುಗಿಸಿಬಿಟ್ಟೆಯಲ್ಲೋ."

ಅವನ ಮುಖದ ನಯ ಆಗ ಮೊದಲ ಸಲ ಕಳಚಿತು. "ಸ್ಕೂಲಲ್ಲಿ ದಿನಾ ಕೇಳೋರು, ನಿನ್ನನ್ಯಾಕೆ ಬಿಟ್ಟುಹೋದ್ರು, ನೀನೇನು ಮಾಡಿದ್ದೆ ಅಂತ. ಒಂದಿನ ಹಡಗು ಮುಳುಗಿತು ಅಂದೆ. ಅವತ್ತು ಟೀಚರು ನನ್ನನ್ನ ತಬ್ಬಿಕೊಂಡ್ರು. ಆಮೇಲೆ ಯಾರೂ ಕೇಳ್ಲಿಲ್ಲ. ಈಗ ಫೋನಲ್ಲಿ ಯಾರ ಹತ್ರ ಮಾತಾಡ್ಲಿ, ಹೇಳು."

"ದೊಡ್ಡೋರು ಬಿಟ್ಟುಹೋದ್ರು, ಸರಿ. ನಾನು ಚಿಕ್ಕೋಳು, ನಿನ್ನ ಹೆಸರು ಹಿಡಿದು ಅಳ್ತಾ ಹಡಗು ಹತ್ತಿದೋಳು. ನನ್ನನ್ನಾದ್ರೂ ಉಳಿಸ್ಬೋದಿತ್ತಲ್ಲ, ನಾರ್ಮನ್?"

"ಯೋಚನೆ ಮಾಡಿದ್ದೆ," ಎಂದ ಅವನು. "ಎಷ್ಟೋ ಸಲ. ಆದ್ರೆ ನಿನ್ನ ಉಳಿಸಿದ್ರೆ, ಮತ್ತೆ ತಂಗಿ ನಿನ್ನ ಹತ್ರ ಯಾಕೆ ಬರ್ಲಿಲ್ಲ ಅಂತ ಕೇಳೋರು."

ಬಸ್ಸು ಬಂತು. ಅವಳಿಗಾಗಿ ಅವನೇ ಕೈ ಅಡ್ಡ ಹಿಡಿದು ನಿಲ್ಲಿಸಿದ.