ತಿರುವಿನಲ್ಲಿ ವಾಲಬೇಕಾದ ಕಡೆ

ಮೂರನೆಯ ಸಲವೂ ಬೈಕು ಎಡಮಗ್ಗುಲಿಗೇ ಮಲಗಿತು. ಇಂಜಿನ್ನು ಒಂದೆರಡು ಸಲ ಕೆಮ್ಮಿ ಸುಮ್ಮನಾಯಿತು. ತಾನೇ ಬೇಕೆಂದು ತಳ್ಳಿದವಳಂತೆ ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಿಂತಳು.

"ಪೆಟ್ಟಾಯ್ತಾ?" ಮೈದಾನದ ಆ ತುದಿಯಿಂದ ಮೇಷ್ಟ್ರು ಕೂಗಿದರು.

"ನನಗಿಲ್ಲ. ಬೈಕನ್ನ ಕೇಳಬೇಕು."

"ಅದಕ್ಕೆ ಅಭ್ಯಾಸ ಇದೆ. ಎತ್ತು. ನಾನು ಬರಲ್ಲ, ನೀನೇ ಎತ್ತು."

ಮೊದಲ ದಿನ ಅವರು ಕಲಿಸಿದ್ದೇ ಅದು. ಮುಂದೆ ಬಗ್ಗಿ ಎತ್ತಿದರೆ ಸೊಂಟ ಹಿಡಿದುಕೊಳ್ಳುತ್ತದೆ. ಬೈಕಿಗೆ ಬೆನ್ನು ಕೊಟ್ಟು ಕೂತು, ಒಂದು ಕೈಯಲ್ಲಿ ಹ್ಯಾಂಡಲ್ಲು, ಇನ್ನೊಂದರಲ್ಲಿ ಸೀಟಿನ ಕೆಳಗಿನ ಕಂಬಿ ಹಿಡಿದು, ಕಾಲಿನ ಬಲದಲ್ಲಿ ಹಿಂದಕ್ಕೆ ಹೆಜ್ಜೆ ಹಾಕುತ್ತ ಏಳಬೇಕು. ಅವಳು ಹಾಗೇ ಎತ್ತಿ ನಿಲ್ಲಿಸಿ, ಕೈಗವಸಿನ ಧೂಳು ಕೊಡವಿದಳು. ನಲವತ್ತಾರನೆಯ ವಯಸ್ಸಿಗೆ ಈ ಸರ್ಕಸ್ಸು ಬೇಕಿತ್ತೇ ಎಂದು ದಿನಕ್ಕೆ ಹತ್ತು ಸಲ ಅನ್ನಿಸುತ್ತಿತ್ತು.

ಮೇಷ್ಟ್ರು ಮೂವತ್ತು ವರ್ಷ ಆಂಬುಲೆನ್ಸ್ ಓಡಿಸಿ ನಿವೃತ್ತರಾದವರು. "ರಸ್ತೇಲಿ ಬಿದ್ದವರನ್ನ ಎತ್ತಿ ಎತ್ತಿ ಸಾಕಾಯ್ತು. ಇನ್ನು ಬೀಳದ ಹಾಗೆ ಹೇಳಿಕೊಡೋಣ ಅಂತ ಬಂದೆ" ಎನ್ನುತ್ತಿದ್ದರು. ಅವಳು ಕೆಲಸಕ್ಕೆಂದು ಬಂದಿದ್ದ ಈ ದೇಶದ ಭಾಷೆಯಲ್ಲಿ ಅವರು ಹೇಳಿದ್ದು ಅವಳ ಕಿವಿ ಮುಟ್ಟುವ ಹೊತ್ತಿಗೆ ಮನೆಮಾತಾಗಿ ಬಿಡುತ್ತಿತ್ತು. ಎರಡು ವರ್ಷದಲ್ಲಿ ಅಷ್ಟು ಭಾಷೆ ಬಂದಿತ್ತು.

ಅವಳ ಕೆಲಸ ರಕ್ತ ತೆಗೆಯುವುದು. ಓಡಾಡಲಾಗದ ರೋಗಿಗಳ ಮನೆಗೇ ಹೋಗಿ, ಅವರು ತಿಂಡಿ ತಿನ್ನುವ ಮೊದಲು ರಕ್ತ ತೆಗೆದು, ತಣ್ಣನೆಯ ಪೆಟ್ಟಿಗೆಯಲ್ಲಿಟ್ಟು ಲ್ಯಾಬಿಗೆ ತರುವುದು. ಸೂಜಿ ಚುಚ್ಚಿದ್ದೇ ಗೊತ್ತಾಗುವುದಿಲ್ಲವೆಂದು ಮುದುಕರೆಲ್ಲ ಅವಳನ್ನು 'ಮೆತ್ತನೆ ಕೈ' ಎಂದೇ ಕರೆಯುತ್ತಿದ್ದರು. ಆದರೆ ಬಸ್ಸು ನಂಬಿಕೊಂಡು ಬೆಳಗಿನ ಹೊತ್ತು ಮೂರು ಮನೆ ಮುಟ್ಟುವುದೇ ಕಷ್ಟ. ನಾಲ್ಕನೆಯ ಮನೆಯವರು ಹಸಿದು ಕಾದು, ಬೇಸತ್ತು ಏನಾದರೂ ಬಾಯಿಗೆ ಹಾಕಿಕೊಂಡಿರುತ್ತಿದ್ದರು. ಲ್ಯಾಬಿನ ಮೇಲ್ವಿಚಾರಕಿ ಮುಖಕ್ಕೆ ಹೊಡೆದಂತೆ ಹೇಳಿಬಿಟ್ಟಿದ್ದಳು: ತಿಂಗಳ ಕೊನೆಯೊಳಗೆ ಬೈಕಿನ ಲೈಸೆನ್ಸ್ ತೋರಿಸಿದರೆ ಇನ್ನೂ ಮೂರು ವರ್ಷದ ಒಪ್ಪಂದ, ಇಲ್ಲದಿದ್ದರೆ ಇರುವ ಒಪ್ಪಂದ ಅಲ್ಲಿಗೆ ಮುಗಿಯಿತು, ಊರಿಗೆ ಹೊರಡಬಹುದು.

ಇದನ್ನು ಅವಳು ಗಂಡನಿಗೆ ಹೇಳಿರಲಿಲ್ಲ. ಬೈಕು ಕಲಿಯುತ್ತಿರುವುದನ್ನೂ ಹೇಳಿರಲಿಲ್ಲ.

ಒಂದೊಂದೇ ಅಭ್ಯಾಸ ಬಿಡಬೇಕಿತ್ತು, ಒಂದೊಂದೇ ಹಿಡಿಯಬೇಕಿತ್ತು. ಇಲ್ಲಿ ವಾಹನಗಳೆಲ್ಲ ರಸ್ತೆಯ ಬಲಗಡೆ ಹೋಗುತ್ತವೆ. ಅವಳ ಬೈಕು ಮಾತ್ರ ಕಳ್ಳದನದ ಹಾಗೆ ಎಡಕ್ಕೆ ಎಳೆಯುತ್ತಿತ್ತು. ಕಿತ್ತಳೆ ಬಣ್ಣದ ಕೋನು ಕಂಡರೆ ಅದಕ್ಕೇ ಹೋಗಿ ಗುದ್ದುತ್ತಿದ್ದಳು. "ಅದರ ಮುಖ ನೋಡಬೇಡಮ್ಮಾ! ನೀನು ಎಲ್ಲಿ ನೋಡ್ತೀಯೋ ಬೈಕು ಅಲ್ಲಿಗೇ ಹೋಗುತ್ತೆ. ಹೋಗಬೇಕಾದ ಕಡೆ ನೋಡು" ಎಂದು ಮೇಷ್ಟ್ರು ತಲೆ ಚಚ್ಚಿಕೊಳ್ಳುತ್ತಿದ್ದರು. ಮುಂದಿನ ಬ್ರೇಕನ್ನು ಗಬಕ್ಕನೆ ಹಿಡಿಯುವುದು ಅವಳ ದೊಡ್ಡ ರೋಗ. "ಹಣ್ಣು ಹಿಂಡಿದ ಹಾಗೆ ಹಿಂಡು. ಸೂಜಿ ಹಿಡಿಯೋವಾಗ ಇರೋ ಕೈ ಇಲ್ಲಿ ಎಲ್ಲಿಗೆ ಹೋಗುತ್ತೆ?" ಎಂದ ದಿನ ಅವಳಿಗೆ ಅದು ಬಂತು. ಹೆಲ್ಮೆಟ್ಟು, ದಪ್ಪ ಜಾಕೆಟ್ಟು, ಮೊಣಕಾಲಿನ ಚಿಪ್ಪು ಇವಿಲ್ಲದೆ ಅವರು ಬೀಗದ ಕೈಯನ್ನೇ ಕೊಡುತ್ತಿರಲಿಲ್ಲ.

ಮೂರನೆಯ ವಾರದಲ್ಲಿ ಮೇಷ್ಟ್ರು, "ಇವತ್ತು ನೀನು ಹಿಂದೆ ಕೂತ್ಕೋ. ತಿರುವು ಹೇಗೆ ತಗೋಬೇಕು ಅಂತ ತೋರಿಸ್ತೀನಿ" ಎಂದರು. ಅವಳಿಗೆ ಒಳಗೊಳಗೇ ನಗು ಬಂತು. ಹಿಂದೆ ಕೂರುವುದನ್ನು ಇವರಿಂದ ಕಲಿಯಬೇಕೇ? ಊರಲ್ಲಿ ಇಪ್ಪತ್ತೆರಡು ವರ್ಷ, ದಿನಕ್ಕೆರಡು ಸಲ, ಗಂಡನ ಹಿಂದೆ ಕೂತು ಲ್ಯಾಬಿಗೆ ಹೋಗಿ ಬಂದವಳು. ಅವನ ಬೆನ್ನಿನ ಒಂದೊಂದು ಶರ್ಟೂ ಅವಳಿಗೆ ಗುರುತಿತ್ತು. ಕಾಲರಿನ ಮೇಲಿನ ಮಚ್ಚೆ, ಬೆಳಗ್ಗೆ ಸೋಪಿನ ವಾಸನೆ, ಸಂಜೆ ತಂತಿ ಕಂಬ ಹತ್ತಿ ಇಳಿದ ಬೆವರು.

ಗುಡ್ಡದ ರಸ್ತೆಯಲ್ಲಿ ಎರಡು ತಿರುವು ದಾಟುವಷ್ಟರಲ್ಲಿ ಮೇಷ್ಟ್ರು ಬೈಕನ್ನು ಪಕ್ಕಕ್ಕೆ ಹಾಕಿ, ಹೆಲ್ಮೆಟ್ಟು ತೆಗೆದು ತಿರುಗಿದರು.

"ಹಿಂದೆ ಕೂರೋದನ್ನ ನಿನಗೆ ಯಾರು ಕಲಿಸಿದ್ದು?"

"ಯಾರೂ ಕಲಿಸಿಲ್ಲ. ಯಾಕೆ?"

"ನಾನು ಈ ಕಡೆ ವಾಲಿದ್ರೆ ನೀನು ಆ ಕಡೆ ವಾಲ್ತೀಯ. ಬೈಕು ಏಳುತ್ತೆ, ತಿರುಗೋದೇ ಇಲ್ಲ. ನಾನು ಎರಡರಷ್ಟು ಬಗ್ಗಬೇಕು. ಓಡಿಸೋನಿಗೆ ಭುಜ ಬಿದ್ದುಹೋಗುತ್ತೆ."

"ಬೀಳ್ತೀನಿ ಅನ್ನೋ ಭಯಕ್ಕೆ..."

"ಗೊತ್ತು. ಎಲ್ಲರಿಗೂ ಮೊದಮೊದಲು ಹಾಗೇ. ನೀನು ಎಷ್ಟು ದಿನ ಹೀಗೆ ಕೂತಿದ್ದೆ?"

"ಇಪ್ಪತ್ತೆರಡು ವರ್ಷ."

ಮೇಷ್ಟ್ರು ಅವಳನ್ನು ಒಂದು ಸಲ ಅಡಿಯಿಂದ ಮುಡಿಯವರೆಗೆ ನೋಡಿದರು. "ಓಡಿಸ್ತಾ ಇದ್ದವನು ಏನೂ ಹೇಳಲಿಲ್ವಾ?"

"ಇಲ್ಲ."

"ಒಂದು ಸಲವೂ?"

ಅವಳು ತಲೆಯಾಡಿಸಿದಳು. ಅವರು ಮತ್ತೇನೂ ಕೇಳದೆ ಹೆಲ್ಮೆಟ್ಟು ಹಾಕಿಕೊಂಡರು. "ನನ್ನ ಬಲಭುಜದ ಮೇಲಿಂದ ರಸ್ತೆ ನೋಡ್ತಾ ಇರು. ಬೇರೇನೂ ಮಾಡಬೇಡ, ಸುಮ್ಮನೆ ನನ್ನ ಜೊತೆ ಬಾ." ಮುಂದಿನ ತಿರುವಿನಲ್ಲಿ ಅವಳು ಹಾಗೇ ಮಾಡಿದಳು. ನೆಲ ಮೊಣಕಾಲಿನ ಹತ್ತಿರಕ್ಕೆ ಬಂದು, ಬೈಕು ನೀರಿನ ಮೇಲೆ ಜಾರಿದಂತೆ ತಿರುಗಿ ಮತ್ತೆ ನೇರವಾಯಿತು. ಇಷ್ಟು ಸಲೀಸೇ ಎಂದು ಅವಳು ಹಿಂದಿರುಗಿ ಆ ತಿರುವನ್ನೇ ನೋಡಿದಳು.

ಮರುದಿನ ಊಟದ ಬಿಡುವಿನಲ್ಲಿ ಲ್ಯಾಬಿನ ಹಿಂದಿನ ಮೆಟ್ಟಿಲ ಮೇಲೆ ಕೂತು ಗಂಡನಿಗೆ ಫೋನು ಮಾಡಿದಳು. ಅವನಿಗದು ಸಂಜೆ. ಕೆಲಸ ಮುಗಿಸಿ ಬಂದು ಕೈಕಾಲು ತೊಳೆದಿದ್ದ. ಬಕೆಟ್ಟು ಸರಿಸಿದ ಸದ್ದು ಕೇಳಿಸಿತು.

"ರೀ, ಒಂದು ಕೇಳ್ತೀನಿ, ನಿಜ ಹೇಳಬೇಕು. ನಾನು ಬೈಕಿನ ಹಿಂದೆ ಕೂತಾಗ, ತಿರುವಲ್ಲಿ ಆ ಕಡೆಗೆ ವಾಲ್ತಿದ್ನಾ?"

ಅವನು ನಕ್ಕ ನಗುವಿಗೆ ಫೋನೇ ಗರಗರ ಅಂದಿತು.

"ವಾಲೋದಾ! ಗೋಣಿಚೀಲ ಜಾರಿದ ಹಾಗೆ ಜಾರ್ತಿದ್ದೆ ಕಣೇ. ಮಾರ್ಕೆಟ್ ಹತ್ತಿರದ ಆ ಎರಡು ತಿರುವಲ್ಲಿ ನನಗೆ ದೇವರು ಕಾಣಿಸ್ತಿದ್ದ. ಅದಕ್ಕೇ ಅಲ್ವಾ ಆ ದಾರಿ ಬಿಟ್ಟು ಗೋದಾಮಿನ ಕಡೆಯಿಂದ ಸುತ್ತಿಕೊಂಡು ಬರ್ತಿದ್ದಿದ್ದು?"

ಗೋದಾಮಿನ ದಾರಿ ಒಂದು ಮೈಲಿ ಹೆಚ್ಚು. ಅಳತೆಗೋಲಿಟ್ಟು ಎಳೆದಂಥ ನೇರ ರಸ್ತೆ. ದಿನದ ಸುದ್ದಿಯನ್ನೆಲ್ಲ ಅವಳು ಅವನ ಕಿವಿಗೆ ಸುರಿಯುತ್ತಿದ್ದದ್ದು ಆ ರಸ್ತೆಯಲ್ಲೇ.

"ನಾನು... ಮಾತಾಡೋಕೆ ಅಂತ ಆ ಕಡೆ ಬರ್ತೀರಿ ಅಂದ್ಕೊಂಡಿದ್ದೆ."

"ಅದೂ ಇತ್ತು."

"ಹೇಳೋದಲ್ವಾ ಒಂದು ಮಾತು? ಸರಿ ಮಾಡ್ಕೋತಿದ್ದೆ."

"ಹೇಳಿದ್ರೆ ಹೆದರಿ, ಹಿಂದಿನ ಕಂಬಿ ಹಿಡ್ಕೊಂಡು ಕೂರ್ತಿದ್ದೆ. ಭುಜದ ಮೇಲಿನ ಕೈ ತೆಗೆದುಬಿಡ್ತಿದ್ದೆ." ಅವನು ಗಂಟಲು ಸರಿಮಾಡಿಕೊಂಡ. "ಈಗ್ಯಾಕೆ ಬಂತು ಈ ಪುರಾಣ?"

ಆಗ ಅವಳು ಎಲ್ಲವನ್ನೂ ಹೇಳಿದಳು. ಮೈದಾನ, ಕೋನು, ಮೇಷ್ಟ್ರು, ಮೇಲ್ವಿಚಾರಕಿಯ ಮಾತು. ಅವನು ಹೂಂ, ಹೂಂ ಎನ್ನುತ್ತ ಕೇಳಿದ.

"ಪಾಸಾದ್ರೆ ಮೂರು ವರ್ಷ."

"ಹೂಂ."

"ಫೇಲಾದ್ರೆ ಮುಂದಿನ ತಿಂಗಳು ಮನೇಲಿರ್ತೀನಿ."

ಅವನು ಹೂಂ ಅನ್ನಲಿಲ್ಲ. ಅಲ್ಲಿ ಯಾವುದೋ ಹಕ್ಕಿ ಕೂಗುತ್ತಿತ್ತು. ಮಗಳ ಓದು ಇನ್ನೂ ಅರ್ಧದಲ್ಲಿದೆ ಎಂಬುದನ್ನು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ಈ ಕೆಲಸ ಅವಳಿಗೆ ಇಷ್ಟವೆಂಬುದೂ, ಊರಿನ ಲ್ಯಾಬಿನಲ್ಲಿ ಯಾರೂ ಅವಳ ಕೈಯನ್ನು ಗಮನಿಸಿರಲಿಲ್ಲವೆಂಬುದೂ ಅವನಿಗೆ ಗೊತ್ತಿತ್ತು. ಕೊನೆಗೆ ಅವನು, "ಗೇರು ಇಳಿಸೋದು ತಿರುವಿಗೆ ಮುಂಚೆ. ತಿರುವಿನ ಮಧ್ಯೆ ಅಲ್ಲ. ಆ ಮೇಷ್ಟ್ರು ಅದನ್ನ ಹೇಳಿಕೊಟ್ಟಿದ್ದಾರಾ?" ಎಂದ.

"ಹೇಳಿಕೊಟ್ಟಿದ್ದಾರೆ."

"ಮತ್ತೆ ಸರಿ" ಎಂದ. ಆದರೂ ಫೋನು ಇಡಲಿಲ್ಲ. ಅವಳೂ ಇಡಲಿಲ್ಲ.

ಪರೀಕ್ಷೆಯ ಬೆಳಿಗ್ಗೆ ಮಂಜು ಕವಿದಿತ್ತು. ಪರೀಕ್ಷಕ ಕೈಯಲ್ಲಿ ಹಲಗೆ ಹಿಡಿದ, ನಗದ ಮನುಷ್ಯ. ತುರ್ತಾಗಿ ನಿಲ್ಲಿಸುವುದು ಆಯಿತು. ರಸ್ತೆಯಲ್ಲಿ ಒಂದು ಸುತ್ತು ಆಯಿತು. ಉಳಿದದ್ದು ಎಂಟರ ಆಕಾರ: ಕೋನುಗಳ ನಡುವೆ ನಿಧಾನವಾಗಿ ಎರಡು ಸಲ ಸುತ್ತಬೇಕು, ಕಾಲು ನೆಲಕ್ಕೆ ತಾಗಿದರೆ ಅಲ್ಲಿಗೆ ಮುಗಿಯಿತು.

ಮೊದಲ ಸುತ್ತು ಮುಗಿಸಿ ಎರಡನೆಯದಕ್ಕೆ ತಿರುಗಿದಾಗ ಆ ಯೋಚನೆ ಬಂತು. ಕಾಲಿನ ಹೆಬ್ಬೆರಳೊಂದು ನೆಲಕ್ಕೆ ತಾಗಿಸಿದರೆ ಸಾಕು. ಯಾರೂ ಏನೂ ಅನ್ನುವುದಿಲ್ಲ. ಈ ವಯಸ್ಸಿನಲ್ಲಿ ಇಷ್ಟು ಕಲಿತದ್ದೇ ಹೆಚ್ಚು ಎನ್ನುತ್ತಾರೆ. ಮುಂದಿನ ತಿಂಗಳು, ಸಂಜೆ, ಮನೆಯ ಬಾಗಿಲು. ಅವಳ ಎಡಗಾಲು ಫುಟ್‌ರೆಸ್ಟಿನಿಂದ ಒಂದಂಗುಲ ಮೇಲೆದ್ದಿತು. ಮೇಷ್ಟ್ರು ಬೇಲಿಯ ಆಚೆ ನಿಂತು, ಎರಡೂ ಕೈಯಲ್ಲಿ ಕಂಬಿ ಹಿಡಿದು, ತಾವೇ ಓಡಿಸುತ್ತಿರುವಂತೆ ಸ್ವಲ್ಪ ಬಲಕ್ಕೆ ಬಾಗಿದ್ದರು.

ಕಣ್ಣು ತಾನಾಗಿ ತಿರುವಿನ ಆ ತುದಿಗೆ ಹೋಯಿತು. ಕಣ್ಣು ಹೋದ ಕಡೆ ಭುಜ, ಭುಜ ಹೋದ ಕಡೆ ಬೈಕು. ಕಾಲು ಫುಟ್‌ರೆಸ್ಟಿನ ಮೇಲೆ ಮತ್ತೆ ಕೂತದ್ದು ಅವಳಿಗೆ ತಿಳಿಯಲೇ ಇಲ್ಲ.

"ಪಾಸಾಗಿದ್ದೀಯಮ್ಮಾ, ಅಳೋದ್ಯಾಕೆ?" ಮೇಷ್ಟ್ರು ಗಾಬರಿಯಾಗಿ ತಮ್ಮ ಕರವಸ್ತ್ರ ಹುಡುಕಿದರು.

"ಗೊತ್ತು" ಎಂದಳು. ಹೆಲ್ಮೆಟ್ಟಿನೊಳಗೆ ಕಣ್ಣೊರೆಸಿಕೊಳ್ಳಲು ಬರುವುದಿಲ್ಲ ಎಂಬುದನ್ನು ಮಾತ್ರ ಯಾರೂ ಕಲಿಸಿರಲಿಲ್ಲ.

ಗಂಡನಿಗೆ ತಿಳಿಸಿದಾಗ ಅವನು, "ಕೋನು ಏನಾದ್ರೂ ಉಳೀತಾ?" ಎಂದು ಕೇಳಿ ನಗಿಸಿದ. ಆಮೇಲೆ, ನಾಳೆ ಬೇಗ ಏಳಬೇಕು ಎಂದು ಎಂದಿಗಿಂತ ಮೊದಲೇ ಫೋನಿಟ್ಟ.

ಹೊಸ ಒಪ್ಪಂದದ ಮೊದಲ ಸೋಮವಾರ ಅವಳು ಐದು ಮನೆ ಮುಗಿಸಿದಳು. ಐದನೆಯ ಮನೆಯ ಅಜ್ಜಿ ಕಿಟಕಿಗೆ ಬಂದು, ಬೈಕನ್ನೂ ಅವಳನ್ನೂ ನೋಡಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಲ್ಯಾಬಿಗೆ ಹಿಂತಿರುಗುವ ದಾರಿಯಲ್ಲಿ ರೈಲ್ವೆ ಗೇಟು ಹಾಕಿತ್ತು. ಅವಳು ಇಂಜಿನ್ನು ಆರಿಸಿ, ಎರಡೂ ಕಾಲು ನೆಲಕ್ಕೆ ಊರಿ ನಿಂತಳು.

ದೂರದಿಂದ ಬಂದ ರೈಲು. ನಿಲ್ದಾಣ ಹತ್ತಿರವಾದ್ದರಿಂದ ನಿಧಾನವಾಗಿ ಸಾಗುತ್ತಿತ್ತು. ಕಿಟಕಿಗಳಲ್ಲಿ ನಿದ್ದೆಗಣ್ಣಿನ ಮುಖಗಳು. ಒಂದು ಬೋಗಿಯ ಬಾಗಿಲಲ್ಲಿ ಒಬ್ಬ ಮನುಷ್ಯ ಆಗಲೇ ಬಂದು ನಿಂತಿದ್ದ. ತಲೆ ಬಾಚಿ, ಅಂಗಿ ನೀಟು ಮಾಡಿಕೊಂಡು, ಕಾಲ ಬಳಿ ಚೀಲವಿಟ್ಟುಕೊಂಡು, ಬಹಳ ದಿನದ ಮೇಲೆ ಮನೆಗೆ ಮರಳುವವನಂತೆ ಬರಲಿರುವ ನಿಲ್ದಾಣದ ಕಡೆಗೇ ಕತ್ತು ಚಾಚಿದ್ದ. ಗೇಟಿನ ಈಚೆ ನಿಂತವರ್ಯಾರೂ ಅವನ ಕಣ್ಣಿಗೆ ಬಿದ್ದಂತಿರಲಿಲ್ಲ. ಅವಳು ಅವನು ಕಣ್ಮರೆಯಾಗುವವರೆಗೂ ನೋಡಿದಳು.

ಕೊನೆಯ ಬೋಗಿ ದಾಟಿತು. ಗೇಟು ಮೇಲೇಳುವವರೆಗೆ ಹಳಿಗಳು ಇನ್ನೂ ಸಣ್ಣಗೆ ಗುಂಯ್‌ಗುಡುತ್ತಿದ್ದವು.