ಸುಡದ ಡೀಸೆಲ್

ಪಂಪಾಪತಿ ಮಾಸ್ತರನ ಹೆಸರು ಕೇಳಿದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಸಿದ್ದಾಪುರದ ನಮ್ಮ ಓಣಿಯಲ್ಲೇ ಅವನ ಮನೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾನೆ. ಕೊಪ್ಪಳದಲ್ಲಿ ಅದೇನೋ ತರಬೇತಿ ಮುಗಿಸಿ ಬಂದವನು, ಒಬ್ಬೊಬ್ಬ ಮನುಷ್ಯ ಗಾಳಿಗೆ ಎಷ್ಟು ಹೊಗೆ ಬಿಡುತ್ತಾನೆ, ಅದನ್ನು ಹೇಗೆ ಇಳಿಸಬೇಕು ಎಂದು ಓಣಿಗೆಲ್ಲ ಪಾಠ ಶುರು ಮಾಡಿದ. ಅದಕ್ಕೆ ಕಾರ್ಬನ್ ಹೆಜ್ಜೆಗುರುತು ಅನ್ನುತ್ತಾರಂತೆ. ತನ್ನ ಮೋಟರ್‌ಸೈಕಲ್ಲಿಗೆ ತಾಡಪಾಲು ಹೊದಿಸಿ ಸೈಕಲ್ ಹತ್ತಿದ. ಅಲ್ಲಿಗೆ ನಿಲ್ಲಿಸಿದ್ದರೆ ನಾನೂ ಮೆಚ್ಚುತ್ತಿದ್ದೆ.

ನಿಲ್ಲಿಸಲಿಲ್ಲ. ನಮ್ಮ ಅಂಗಳಕ್ಕೆ ಬಂದು, ಎಮ್ಮೆ ತೇಗಿದರೂ ಭೂಮಿ ಬಿಸಿಯಾಗುತ್ತದೆ, ಮಾರಿಬಿಡಿ ಎಂದು ನನ್ನ ತಾಯಿ ಮಾಶಾಬಿಗೆ ಉಪದೇಶ ಮಾಡಿದ. ಅಪ್ಪ ತೀರಿಕೊಂಡ ಮೇಲೆ ನಮ್ಮ ಒಲೆ ಉರಿಯುವುದೇ ಆ ಒಂದು ಎಮ್ಮೆಯ ಹಾಲಿನಿಂದ. ಅಮ್ಮ ಹಾಗೆಯೇ ಹೇಳಿದಳು. ಬಡವರಿಗೂ ಜವಾಬ್ದಾರಿ ಇರುತ್ತದೆ ಎಂದ. ಅವತ್ತೇ ಅವನು ನನಗೆ ಬೇಡವಾದ.

ನಮಗೆ ಗದ್ದೆಯಿಲ್ಲ. ಭತ್ತ ಕೊಯ್ಯುವ ಮಶೀನು ಗದ್ದೆಯ ಮೂಲೆಗಳಲ್ಲಿ ತಿರುಗುವುದಿಲ್ಲ. ಅಲ್ಲಿ ಉಳಿದದ್ದನ್ನು ಹೆಂಗಸರು ಕುಡುಗೋಲಿನಿಂದ ಕೊಯ್ಯುತ್ತಾರೆ. ಕಾಳು ಗದ್ದೆಯವರಿಗೆ, ಹುಲ್ಲು ಕೊಯ್ದವರಿಗೆ. ಹಾಗೆ ಮೂಲೆ ಮೂಲೆ ಕೊಯ್ದು ನಾವಿಬ್ಬರೂ ಒಂದು ಬಣವೆ ಒಟ್ಟಿದ್ದೆವು, ಮಾಸ್ತರನ ಗದ್ದೆಯ ಬದುವಿನ ಮೇಲೆ, ಅವನನ್ನು ಕೇಳಿಯೇ. ಮುಂದಿನ ಸುಗ್ಗಿಯವರೆಗೆ ಎಮ್ಮೆಗೆ ಅದೇ ಮೇವು.

ಕಾಲುವೆಗೆ ನೀರು ಬಿಡುವ ಮುಂಚೆ ಮಶೀನು ಚೆಲ್ಲಿಹೋದ ಹುಲ್ಲಿಗೆ ಎಲ್ಲರೂ ಬೆಂಕಿ ಇಡುತ್ತಾರೆ. ಅದಕ್ಕೂ ಮೊದಲು ಟ್ರ್ಯಾಕ್ಟರಿನಿಂದ ಗದ್ದೆಯ ಸುತ್ತ ಒಂದು ಪಟ್ಟಿ ಉಳುಮೆ ಮಾಡಿಸುತ್ತಾರೆ, ಬೆಂಕಿ ಬದು ದಾಟದಿರಲಿ ಎಂದು. ಮಾಸ್ತರ ಬೆಂಕಿಯನ್ನೇನೋ ಇಟ್ಟ, ಉಳುಮೆ ಮಾಡಿಸಲಿಲ್ಲ. ನಾವು ಓಡಿ ಹೋಗುವಷ್ಟರಲ್ಲಿ ಬಣವೆ ಬೂದಿಯಾಗಿತ್ತು.

ಪಟ್ಟಿ ಯಾಕೆ ಹೊಡೆಸಲಿಲ್ಲ ಎಂದು ನಾನೇ ಕೇಳಿದೆ.

"ಟ್ರ್ಯಾಕ್ಟರ್ ತಂದ್ರ ಡೀಸೆಲ್ ಸುಡತೈತಿ ಶಬೀನಾ. ಈ ವರ್ಷ ನನ್ನ ಲೆಕ್ಕದಾಗ ಡೀಸೆಲ್ ಬರಬಾರ್ದು ಅಂತ ಗಟ್ಟಿ ಮಾಡೇನಿ."

ಹಾಗಾದರೆ ಇಡೀ ಗದ್ದೆಯ ಹೊಗೆ ಯಾರ ಲೆಕ್ಕ ಎಂದೆ. ಅದು ಬೇಸಾಯದ್ದು, ಎಲ್ಲರೂ ಸುಡುತ್ತಾರೆ, ತನ್ನದಲ್ಲ ಎಂದ. ಗಂಭೀರವಾಗಿಯೇ ಹೇಳಿದ, ಪುಣ್ಯಾತ್ಮ. ಹೇಗೂ ಮೇವು ಹೋಯಿತು, ಎಮ್ಮೆ ಮಾರುವುದಾದರೆ ಕನಕಗಿರಿ ಸಂತೆಗೆ ತಾನೂ ಬರುತ್ತೇನೆ ಎಂದೂ ಸೇರಿಸಿದ. ಅವನ ಕಪಾಳಕ್ಕೆ ಬಾರಿಸುವಷ್ಟು ಸಿಟ್ಟು ಬಂತು ನನಗೆ.

ಅಮ್ಮ ಮನೆಗೆ ಬಂದವಳೇ ಎಮ್ಮೆಯ ಹಗ್ಗ ಬಿಚ್ಚಿ, ಓಣಿಯ ನಡುವೆ ನಡೆಸಿಕೊಂಡು ಹೋಗಿ ಮಾಸ್ತರನ ಪಡಸಾಲೆಯ ಕಂಬಕ್ಕೆ ಕಟ್ಟಿದಳು. ಅವನ ಹೆಂಡತಿ ಅನುಸೂಯಾ ಬಾಗಿಲಲ್ಲಿ ಬಾಯಿ ತೆರೆದು ನಿಂತಳು. ಜನ ಕೂಡಿದರು, ಮಾಸ್ತರನೂ ಬಂದ.

"ಮುಂದಿನ ಸುಗ್ಗಿತನಕ ಇಲ್ಲೇ ಇರತೈತ್ರಿ ಮಾಸ್ತರ. ಮೇವು ನಿಮ್ಮದು. ಎರಡೂ ಹೊತ್ತು ಹಾಲು ಹಿಂಡ್ಕೊಂಡು ಹೋಗಾಕ ನಾ ಬರ್ತೀನಿ."

ಮಾಸ್ತರ ಸುತ್ತ ನಿಂತವರ ಮುಖ ನೋಡಿದ. ಯಾರೂ ಅವನ ಪರ ಬಾಯಿ ಬಿಡಲಿಲ್ಲ. ಅವನ ಪಾಠ ಕೇಳಿ ಕೇಳಿ ಎಲ್ಲರಿಗೂ ಸಾಕಾಗಿತ್ತು. ಊರ ಗದ್ದೆಗಳ ಹುಲ್ಲೆಲ್ಲ ಅಷ್ಟರಲ್ಲಿ ಸುಟ್ಟುಹೋಗಿತ್ತು. ಆನೆಗೊಂದಿ ಕಡೆಯಿಂದ ಟೆಂಪೊದಲ್ಲಿ ಮೇವು ತರಿಸಬೇಕಾಯಿತು. ಆ ಟೆಂಪೊ ಕರಿ ಹೊಗೆ ಉಗುಳುತ್ತ ಓಣಿಗೆ ಬಂದಾಗ ನಾನು ಕಟ್ಟೆಯ ಮೇಲೆ ಕುಳಿತು ಕಣ್ತುಂಬ ನೋಡಿದೆ.

ಮೇವನ್ನು ನಿಮ್ಮ ಮನೆಗೇ ಕಳಿಸುತ್ತೇನೆ, ಎಮ್ಮೆ ಒಯ್ಯಿರಿ ಎಂದು ಅವನು ಒಂದು ಸಂಜೆ ಬೇಡಿಕೊಂಡ. ಹಾಲು ಹಿಂಡುತ್ತಿದ್ದ ಅಮ್ಮ ತಲೆ ಎತ್ತಲಿಲ್ಲ.

"ಸೆಗಣಿ ಹಾಕೈತಿ ನೋಡ್ರಿ ಮಾಸ್ತರ. ಬಳೀರಿ."